ಸರಿಯಿದ್ದ ತಂತಿಯನ್ನು ಕೀಳಿಸಿದ ಚಿತ್ರಲಿಂಗಪ್ಪನವರು

ಚಿತ್ರದುರ್ಗ ಜಿಲ್ಲೆಯ ವೈದ್ಯಕೀಯ ಸೇವೆಯ ಚರಿತ್ರೆಯನ್ನು ಮುಂದೆಂದಾದರೂ ಯಾರಾದರೂ ಬರೆಯಹೊರಟರೆ ಅದರಲ್ಲಿ ವೈದ್ಯರ ಹೆಸರುಗಳು ಬರುತ್ತವೆ, ದಾನಿಗಳ ಹೆಸರುಗಳು ಬರುತ್ತವೆ, ಹಗಲಿರುಳೆನ್ನದೆ ದುಡಿದ ದಾದಿಯರ ಹೆಸರುಗಳೂ ಬರಬಹುದು. ಆದರೆ ಯಾವ ರೋಗಿಯ ನಾಡಿಯನ್ನೂ ಹಿಡಿಯದೆ, ಒಂದು ಮಾತ್ರೆಯನ್ನೂ ಬರೆದುಕೊಡದೆ, ಶಸ್ತ್ರಚಿಕಿತ್ಸೆಯ ಕೊಠಡಿಯ ಹೊಸ್ತಿಲನ್ನು ತಂತಿ ಎಳೆಸುವ ಕಾರಣಕ್ಕಲ್ಲದೆ ಮತ್ತಾವ ಕಾರಣಕ್ಕೂ ದಾಟದೆ, ಎಷ್ಟೋ ಜೀವಗಳು ಉಳಿಯುವುದಕ್ಕೆ ನೆರವಾದ ಒಬ್ಬರ ಹೆಸರು ಅಲ್ಲಿ ಕಾಣಿಸುತ್ತದೆಯೋ ಇಲ್ಲವೋ ಹೇಳಲಾರೆ. ಆ ಹೆಸರು ಶ್ರೀ ಜಿ. ಚಿತ್ರಲಿಂಗಪ್ಪನವರದು. ನಮ್ಮ ವೇದಾವತಿ ಸೇವಾ ಆಸ್ಪತ್ರೆಯ ಸಂಪರ್ಕ ವಿಭಾಗವನ್ನು ಕಟ್ಟಿ, ಬೆಳೆಸಿ, ಕಳೆದ ತಿಂಗಳು ನಿವೃತ್ತರಾದ ಈ ಹಿರಿಯರನ್ನು ಕುರಿತು ಬರೆಯಬೇಕೆಂದು ಅಭಿನಂದನ ಗ್ರಂಥದ ಸಂಪಾದಕರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿದೆ. ಬರೆಯಲು ಕುಳಿತ ಮೇಲೆ ನನ್ನ ಕಷ್ಟ ನನಗೆ ಗೊತ್ತಾಯಿತು.

ನಾನು ವಿಕಿರಣ ವಿಭಾಗದ ವೈದ್ಯೆ. ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ನೋಡಿ ಅವುಗಳಲ್ಲಿ ಏನಿದೆ, ಏನಿಲ್ಲ ಎಂದು ಬರೆದುಕೊಡುವುದು ನನ್ನ ಕಸುಬು. ಕಣ್ಣಿಗೆ ಕಂಡದ್ದನ್ನು ಹೇಳಬಲ್ಲೆ. ಚಿತ್ರಲಿಂಗಪ್ಪನವರ ಕೆಲಸವಾದರೋ ಕಣ್ಣಿಗೆ ಕಾಣುವಂಥದ್ದಲ್ಲ. ಒಂದು ಊರಿನಿಂದ ಹೊರಟ ಚಿತ್ರ ಇನ್ನೊಂದು ಊರಿಗೆ ಯಾವ ದಾರಿಯಲ್ಲಿ ಬರಬೇಕು, ಆ ದಾರಿ ಮುರಿದರೆ ಯಾವುದರಲ್ಲಿ ಬರಬೇಕು ಎಂದು ಯೋಚಿಸುವುದು ಅವರ ಕ್ಷೇತ್ರವೆಂದು ನಾನು ತಿಳಿದಿದ್ದೇನೆ. ಆ ತಿಳಿವಳಿಕೆ ಪೂರ್ತಿ ಸರಿಯೋ ಎಂದು ಕೇಳಿದರೆ ತಡವರಿಸುತ್ತೇನೆ. ಹತ್ತಾರು ವರ್ಷ ಅವರ ಕೋಣೆಯ ಪಕ್ಕದ ಕೋಣೆಯಲ್ಲೇ ಕುಳಿತು ಕೆಲಸ ಮಾಡಿದವಳಿಗೆ ಇದು ಹೆಮ್ಮೆಯ ಮಾತಲ್ಲ. ಆದ್ದರಿಂದ ಈ ಬರಹದಲ್ಲಿ ತಾಂತ್ರಿಕ ವಿಚಾರ ಎಲ್ಲಿಯಾದರೂ ಅಡ್ಡಾದಿಡ್ಡಿಯಾಗಿ ಕಂಡರೆ ಓದುಗರು ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಕು, ಅವರ ಲೆಕ್ಕಕ್ಕಲ್ಲ.

ಚಿತ್ರಲಿಂಗಪ್ಪನವರ ಪೂರ್ವಿಕರು ಹಿರಿಯೂರು ತಾಲ್ಲೂಕಿನವರು. ತಂದೆ ರೈಲ್ವೆ ನೌಕರಿಗೆ ಸೇರಿ ಚಿಕ್ಕಜಾಜೂರಿಗೆ ಬಂದದ್ದರಿಂದ ಇವರ ಬಾಲ್ಯವೆಲ್ಲ ಅಲ್ಲಿಯ ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿ ಕಳೆಯಿತು. ಪ್ರೌಢಶಾಲೆಗೆ ಹೊಳಲ್ಕೆರೆಗೂ ಮುಂದಿನ ಓದಿಗೆ ನಾವು ದುರ್ಗವೆನ್ನುವ ಚಿತ್ರದುರ್ಗಕ್ಕೂ ಬಂದು, ಎಂಜಿನಿಯರಿಂಗ್ ಮುಗಿಸಿ, ಕೆಲಕಾಲ ಹುಬ್ಬಳ್ಳಿಯ ಕಡೆ ದೂರವಾಣಿ ಉಪಕರಣಗಳ ಕೆಲಸ ಮಾಡಿ, ಮತ್ತೆ ಊರಿನ ಕಡೆಯ ಸೆಳೆತದಿಂದ ನಮ್ಮ ಆಸ್ಪತ್ರೆಗೆ ಬಂದವರು. ಅವರು ಸೇರಿದಾಗ ಆಸ್ಪತ್ರೆಯಲ್ಲಿ ಇದ್ದ ಕಂಪ್ಯೂಟರುಗಳು ಬೆರಳೆಣಿಕೆಯವು, ಅವುಗಳ ಮೇಲೆ ಹೊದಿಸಿದ್ದ ಕಸೂತಿ ಬಟ್ಟೆಗಳೇ ಅವುಗಳಿಗಿಂತ ಹೆಚ್ಚು ಬಳಕೆಯಲ್ಲಿದ್ದವು ಎಂದು ಹಿರಿಯ ದಾದಿಯರು ನಗುತ್ತಾ ಹೇಳುತ್ತಾರೆ. ಆ ಬಟ್ಟೆಗಳನ್ನು ತೆಗೆಸಿದ್ದೇ ತಮ್ಮ ಮೊದಲ ಸಾಧನೆಯೆಂದು ಚಿತ್ರಲಿಂಗಪ್ಪನವರೂ ಹೇಳಿಕೊಳ್ಳುವುದುಂಟು.

ನನಗೆ ಅವರಿಂದ ಆದ ಉಪಕಾರಗಳನ್ನು ಹೇಳಹೊರಟರೆ ಅದೇ ಒಂದು ಪುಸ್ತಕವಾದೀತು. ನಾನು ಬಸುರಿಯಾಗಿ ವೈದ್ಯರು ಹಾಸಿಗೆ ಬಿಟ್ಟು ಏಳಬಾರದೆಂದು ಕಟ್ಟಪ್ಪಣೆ ಮಾಡಿದ್ದ ದಿನಗಳಲ್ಲಿ, ಜಿಲ್ಲೆಯ ಈ ಭಾಗಕ್ಕೆ ಸ್ಕ್ಯಾನ್ ಓದುವವರು ಬೇರೆ ಯಾರೂ ಇರದಿದ್ದ ಕಾರಣ, ನಮ್ಮ ಮನೆಗೇ ಪರದೆಯನ್ನು ತಂದು ಜೋಡಿಸಿಕೊಟ್ಟರು. ವಾರಕ್ಕೊಮ್ಮೆ ತಾವೇ ಬಂದು ನೋಡುತ್ತಿದ್ದರು. ಬರುವಾಗ ಅವರ ಶ್ರೀಮತಿ ಸುಮಿತ್ರಾ ಅವರು ಮಾಡಿದ ನಿಂಬೆಕಾಯಿ ಉಪ್ಪಿನಕಾಯಿ ತಪ್ಪದೆ ಇರುತ್ತಿತ್ತು. ಕೊರೊನಾ ಕಾಲದಲ್ಲಿ, ವಾರ್ಡಿನೊಳಗೆ ಬಂಧುಗಳನ್ನು ಬಿಡದೆ ಇದ್ದಾಗ, ಹೊರಗೆ ಬೇವಿನ ಮರದ ಕೆಳಗೆ ಕುಳಿತವರಿಗೆ ಒಳಗಿರುವವರ ಮುಖ ಕಾಣುವಂತೆ ಪರದೆಯೊಂದನ್ನು ಹಾಕಿಸಿದರು. ಫೋನು ಹಿಡಿಯಲು ಬಾರದ ಮುದುಕರೊಬ್ಬರಿಗೆ ತಾವೇ ಅದನ್ನು ಹಿಡಿದುಕೊಂಡು, ಆ ಗಂಡಹೆಂಡಿರ ಮಾತು ತಮಗೆ ಕೇಳಿಸಬಾರದೆಂದು ಮುಖವನ್ನು ಆಚೆ ತಿರುಗಿಸಿಕೊಂಡು, ಬಹಳ ಹೊತ್ತು ನಿಂತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಆದರೆ ನಾನು ಇಲ್ಲಿ ವಿಸ್ತಾರವಾಗಿ ಹೇಳಬೇಕೆಂದಿರುವುದು ಒಂದೇ ದಿನದ ಸಂಗತಿಯನ್ನು. ಅದಕ್ಕೆ ಮೊದಲು ಅವರು ಕಟ್ಟಿದ ವ್ಯವಸ್ಥೆ ಎಂಥದೆಂದು ನನಗೆ ತಿಳಿದಷ್ಟು ಹೇಳಬೇಕು.

ನಮ್ಮ ಆಸ್ಪತ್ರೆ ಎರಡು ಊರುಗಳಲ್ಲಿದೆ. ದೊಡ್ಡದು ದುರ್ಗದಲ್ಲಿ, ಜೋಗಿಮಟ್ಟಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಚಿಕ್ಕದು ಹಿರಿಯೂರಿನಲ್ಲಿ. ಹಿರಿಯೂರಿನಲ್ಲಿ ಸ್ಕ್ಯಾನ್ ಯಂತ್ರವಿದೆ, ಓದುವವರಿಲ್ಲ. ಅಲ್ಲಿ ತೆಗೆದ ಚಿತ್ರ ದುರ್ಗದ ದೊಡ್ಡ ಕಂಪ್ಯೂಟರಿಗೆ ಬರಬೇಕು, ನಾನು ನನ್ನ ಪರದೆಯ ಮೇಲೆ ಓದಿ ಹೇಳಬೇಕು. ಮೊದಲು ಎರಡೂ ಕಡೆಗೆ ಸೇರಿ ದುರ್ಗದಲ್ಲಿ ಒಂದೇ ಇಂಟರ್ನೆಟ್ ಲೈನು ಇತ್ತು. ಅದು ಹೋದರೆ ಎಲ್ಲವೂ ಹೋಯಿತು. ಚಿತ್ರಲಿಂಗಪ್ಪನವರು ಆಡಳಿತ ಮಂಡಳಿಯನ್ನು ಕಾಡಿ ಬೇಡಿ, ದುರ್ಗಕ್ಕೆ ಒಂದು ಕಂಪನಿಯ ಲೈನು, ಹಿರಿಯೂರಿಗೆ ಬೇರೊಂದು ಕಂಪನಿಯ ಲೈನು ಹಾಕಿಸಿದರು. ಇವೆರಡೂ ಹೊರಬಾಗಿಲುಗಳು. ಎರಡು ಆಸ್ಪತ್ರೆಗಳ ನಡುವೆ, ಹೆದ್ದಾರಿಯ ಪಕ್ಕದಲ್ಲೇ ಐಮಂಗಲದ ಮೇಲೆ ಹಾದು ಹೋಗುವ ಒಂದು ಸ್ವಂತ ಕೇಬಲ್ ಇತ್ತು. ಅದು ಒಳದಾರಿ. ದುರ್ಗದ ಬಾಗಿಲು ಮುಚ್ಚಿದರೆ ದುರ್ಗದವರು ಒಳದಾರಿಯಿಂದ ಹಿರಿಯೂರಿಗೆ ಹೋಗಿ ಅಲ್ಲಿಯ ಬಾಗಿಲಿನಿಂದ ಹೊರಗೆ ಹೋಗಬಹುದು. ಹಿರಿಯೂರಿನದು ಮುಚ್ಚಿದರೆ ಅವರು ದುರ್ಗಕ್ಕೆ ಬಂದು ಹೋಗಬಹುದು. ಯಾವ ಬಾಗಿಲು ತೆರೆದಿದೆಯೆಂದು ಯಂತ್ರಗಳೇ ತಿಳಿದುಕೊಂಡು ದಾರಿ ಬದಲಿಸುತ್ತವೆ. ಈ ವ್ಯವಸ್ಥೆ ಉದ್ಘಾಟನೆಯಾದ ದಿನ ನಮ್ಮ ಆಡಳಿತಾಧಿಕಾರಿ ಶ್ರೀ ರಾಜಶೇಖರ್ ಅವರು, ಇನ್ನು ಮೇಲೆ ಇಂಟರ್ನೆಟ್ ಇಲ್ಲ ಎಂಬ ಮಾತು ಈ ಎರಡು ಕಟ್ಟಡಗಳಲ್ಲಿ ಕೇಳಿಬರುವುದಿಲ್ಲ ಎಂದು ಭಾಷಣ ಮಾಡಿದರು. ಎರಡು ಮೂರು ವರ್ಷ ಅವರ ಮಾತು ಹಾಗೆಯೇ ನಡೆಯಿತು. ದುರ್ಗದ ಲೈನು ಎಷ್ಟೋ ಸಲ ಕೆಟ್ಟಿತು. ನನಗೆ ಒಮ್ಮೆಯೂ ಗೊತ್ತಾಗಲಿಲ್ಲ.

ಆ ದಿನ ಮಧ್ಯಾಹ್ನ ಹಿರಿಯೂರಿನ ಶಾಖೆಗೆ ಮರುಳಸಿದ್ದಮ್ಮ ಎಂಬ ಹಿರಿಯ ಹೆಂಗಸನ್ನು ಕರೆತಂದರು. ಹೊಸದುರ್ಗ ತಾಲ್ಲೂಕಿನವರು, ನಂಟರ ಗೃಹಪ್ರವೇಶಕ್ಕೆಂದು ಹಿರಿಯೂರಿಗೆ ಬಂದಿದ್ದವರು. ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ಹೋಳಿಗೆ ಮುರಿಯಲು ಹೋದ ಬಲಗೈ ಎಲೆಯ ಮೇಲೆಯೇ ಬಿದ್ದುಹೋಗಿದೆ. ಪಕ್ಕದಲ್ಲಿದ್ದ ಮಗ ಗಂಗಾಧರಪ್ಪ "ಯಾಕಮ್ಮ?" ಎಂದು ಕೇಳಿದರೆ ಮಾತು ಬಂದಿಲ್ಲ, ಬಂದದ್ದು ಮಾತಾಗಿಲ್ಲ. ಅಲ್ಲಿಯ ವೈದ್ಯ ಡಾ. ಮುರುಗೇಶ್ ಕೂಡಲೇ ತಲೆಯ ಸ್ಕ್ಯಾನ್ ಮಾಡಿಸಿ ನನಗೆ ಫೋನು ಮಾಡಿದರು.

"ಚೈತ್ರಾ ಮೇಡಂ, ಸ್ಟ್ರೋಕ್ ತರ ಐತೆ. ಟೈಮಲ್ಲೇ ಬಂದಾರೆ. ಚಿತ್ರ ಕಳಿಸೀವಿ, ನೋಡಿ ಬೇಗ ಹೇಳ್ರಿ. ನಂಗೇನೋ ರಕ್ತ ಕಾಣ್ತಿಲ್ಲ, ಆದ್ರೂ ನೀವು ಹೇಳ್ದೆ ಇಂಜೆಕ್ಷನ್ ಕೊಡಾಕೆ ಧೈರ್ಯ ಇಲ್ಲ."

ವೈದ್ಯಕೀಯದವರಲ್ಲದ ಓದುಗರಿಗಾಗಿ ಒಂದು ಮಾತು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಕೈ ಬಿದ್ದಿದ್ದರೆ ಆ ಹೆಪ್ಪನ್ನು ಕರಗಿಸುವ ಮದ್ದು ಇದೆ. ಕೆಲವು ಗಂಟೆಗಳೊಳಗೆ ಕೊಟ್ಟರೆ ಕೈಯೂ ಮಾತೂ ಮರಳಿ ಬರಬಹುದು. ಆದರೆ ತಲೆಯೊಳಗೆ ರಕ್ತ ಸೋರಿದ್ದರೆ ಅದೇ ಮದ್ದು ಜೀವ ತೆಗೆಯುತ್ತದೆ. ಎರಡೂ ಸ್ಥಿತಿ ಹೊರಗಿನಿಂದ ಒಂದೇ ತರಹ ಕಾಣಬಹುದು. ಹೇಳಬೇಕಾದ್ದು ಸ್ಕ್ಯಾನ್.

ನನ್ನ ಪರದೆಯ ಮೇಲೆ ಸ್ಕ್ಯಾನ್ ಇರಲಿಲ್ಲ.

ಕಳಿಸಿದ್ದೇವೆ ಎಂದು ಅವರು, ಬಂದಿಲ್ಲ ಎಂದು ನಾನು. ಹಿರಿಯೂರಿನಲ್ಲಿ ಸ್ಕ್ಯಾನ್ ತೆಗೆಯುವ ತಂತ್ರಜ್ಞೆ ದಿವ್ಯಾ ಮತ್ತೆ ಕಳಿಸಿದಳು, ಬರಲಿಲ್ಲ. ನಾನು ಚಿತ್ರಲಿಂಗಪ್ಪನವರನ್ನು ಕೂಗಿದೆ. ಅವರು ಬಂದು ನನ್ನ ಪರದೆಯನ್ನೂ ತಮ್ಮ ಲ್ಯಾಪ್‌ಟಾಪನ್ನೂ ನೋಡಿದರು. ದುರ್ಗದ ಲೈನು ಚೆನ್ನಾಗಿದೆ. ಹಿರಿಯೂರಿನ ಲೈನೂ ಚೆನ್ನಾಗಿದೆ. ಎರಡೂ ಕಡೆ ಹಸಿರು ದೀಪ. ಒಳದಾರಿಯ ದೀಪ ಮಾತ್ರ ಕೆಂಪಾಗಿತ್ತು.

"ಒಳದಾರಿ ಹೋಗೈತೆ, ಅಷ್ಟೆ" ಎಂದರು. "ಅದ್ಕೇನೂ ತೊಂದ್ರೆ ಆಗಬಾರದು. ಅವ್ರ ಬಾಗ್ಲಿಂದ ಹೊರಗೆ ಹೋಗಿ ನಮ್ಮ ಬಾಗ್ಲಿಗೆ ಬರಬೇಕು. ಯಾಕೆ ಬರ್ತಿಲ್ಲ?"

ಆ ಪ್ರಶ್ನೆಯನ್ನು ಅವರು ನನಗೆ ಕೇಳಿದಂತಿತ್ತು.

ಆಗ ಶುರುವಾದ ಗೊಂದಲವನ್ನು ಕ್ರಮವಾಗಿ ಹೇಳುವುದು ನನ್ನಿಂದ ಆಗದ ಕೆಲಸ, ಆದರೂ ಪ್ರಯತ್ನಿಸುತ್ತೇನೆ. ಡಾ. ಮುರುಗೇಶ್ ತಮ್ಮ ಫೋನಿನಿಂದ ಸ್ಕ್ಯಾನ್ ಪರದೆಯ ಫೋಟೋ ತೆಗೆದು ಕಳಿಸಿದರು. ಅದರಲ್ಲಿ ಮೆದುಳಿಗಿಂತ ಅಲ್ಲಿಯ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಸ್ಪಷ್ಟವಾಗಿತ್ತು. ಎಡಬದಿಯಲ್ಲಿ ಏನೋ ಒಂದು ಅಂಚು ದಪ್ಪವಾದಂತೆ ಕಂಡಿತು; ಅದು ರಕ್ತವೋ, ಬೆಳಕೋ, ನನ್ನ ಅನುಮಾನವೋ ತಿಳಿಯಲಿಲ್ಲ. ಪೂರ್ತಿ ಚಿತ್ರವನ್ನು ಪದರ ಪದರವಾಗಿ, ಬೆಳಕು ಹೆಚ್ಚು ಕಡಿಮೆ ಮಾಡಿ ನೋಡದೆ ಬಾಯಿಬಿಡುವಂತಿರಲಿಲ್ಲ. ಚಿತ್ರಲಿಂಗಪ್ಪನವರು ದಿವ್ಯಾಳಿಗೆ, ಅವಳ ಮೊಬೈಲಿನ ಇಂಟರ್ನೆಟ್ಟಿಗೆ ಸ್ಕ್ಯಾನ್ ಕಂಪ್ಯೂಟರನ್ನು ಜೋಡಿಸಿ ಕಳಿಸಲು ಹೇಳಿದರು. ಅದೂ ಬರಲಿಲ್ಲ. ಆಸ್ಪತ್ರೆಗೆ ಸಂಬಂಧವೇ ಇಲ್ಲದ ಮೊಬೈಲ್ ಕಂಪನಿಯ ದಾರಿಯಲ್ಲಿ ಹೊರಟದ್ದೂ ಬರಲಿಲ್ಲ. ಅದೇ ಹೊತ್ತಿನಲ್ಲಿ ದಾವಣಗೆರೆಯ ವೈದ್ಯರೊಬ್ಬರು ಕಳಿಸಿದ ಯಾರದೋ ಮೊಣಕಾಲಿನ ಚಿತ್ರ ನನ್ನ ಪರದೆಗೆ ಟಣ್ಣೆಂದು ಬಂದು ಕುಳಿತಿತು. ನನಗೆ ಬೇಡವಾದದ್ದು ಬರುತ್ತದೆ, ಬೇಕಾದದ್ದು ಬರುವುದಿಲ್ಲ. ದಾವಣಗೆರೆಗೆ ತೆರೆದಿರುವ ಬಾಗಿಲು ನಮ್ಮದೇ ಹಿರಿಯೂರಿಗೆ ಯಾಕೆ ಮುಚ್ಚಿದೆ?

ಹಿರಿಯೂರಿನಿಂದ ಚಿತ್ರವನ್ನು ಸಿ.ಡಿ.ಗೆ ಹಾಕಿಸಿಕೊಂಡು ಚಾಲಕ ಬಾಲರಾಜು ಆಗಲೇ ಆಂಬುಲೆನ್ಸಿನಲ್ಲಿ ಹೊರಟಿದ್ದ. ಅವನ ಫೋನು ಬಂತು.

"ಸರ್, ಐಮಂಗಲದ ಹತ್ರ ಸಿಕ್ಕಾಕ್ಕಂಡೀನಿ. ರಸ್ತೆ ಅಗೆದಾರೆ. ಹಿಂದೆ ಮುಂದೆ ಲಾರಿ ನಿಂತ್ಕಂಡವೆ. ಜೆಸಿಬಿ ಯಾವ್ದೋ ಕೇಬಲ್ ಕಿತ್ತಾಕೈತೆ, ಅದ್ಕೇ ಜಗಳ ನಡೀತೈತೆ."

"ನಮ್ದೇ ಕಣಪ್ಪ ಅದು" ಎಂದರು ಚಿತ್ರಲಿಂಗಪ್ಪನವರು. ಫೋನು ಇಟ್ಟು ಕುರ್ಚಿಯ ಮೇಲೆ ಕುಳಿತರು. ಅವರ ಮುಖ ನೋಡಿ ನನಗೆ ಹೆದರಿಕೆಯಾಯಿತು. ಯಾವ ಯಂತ್ರ ಕೆಟ್ಟರೂ ಗಾಬರಿಯಾಗದೆ ಇದ್ದವರು ಅಂದು ಮಗ್ಗಿ ಮರೆತ ಮಗುವಿನಂತೆ ಕುಳಿತಿದ್ದರು. ಅತ್ತ ಗಂಗಾಧರಪ್ಪನವರು ಡಾ. ಮುರುಗೇಶರ ಫೋನನ್ನೇ ತೆಗೆದುಕೊಂಡು, "ಅಮ್ಮ, ನಮ್ಮಮ್ಮಂಗೆ ಮದ್ದು ಕೊಡ್ರಿ ಅಂತ ಹೇಳ್ರಿ. ಕೂತ್ಕಂಡು ನೋಡಾಕೆ ಆಗ್ತಿಲ್ಲ" ಎಂದರು. ಕೊಡಿ ಎಂದರೆ ಕೊಲ್ಲಬಹುದು, ಬೇಡ ಎಂದರೆ ಆ ತಾಯಿ ಉಳಿದ ಆಯುಷ್ಯವೆಲ್ಲ ಮಾತಿಲ್ಲದೆ ಕಳೆಯಬಹುದು. ಇನ್ನು ಸ್ವಲ್ಪ ಇರಿ ಎಂದೆ.

ಚಿತ್ರಲಿಂಗಪ್ಪನವರು ಎದ್ದು ಮೊಬೈಲಿನ ಇಂಟರ್ನೆಟ್ಟಿನ ಮೂಲಕ ಹಿರಿಯೂರಿನ ಯಂತ್ರದೊಳಕ್ಕೆ ತಮ್ಮ ಲ್ಯಾಪ್‌ಟಾಪಿನಿಂದ ಇಣುಕಿ ನೋಡತೊಡಗಿದರು. ಬಹಳ ಹೊತ್ತಾದ ಮೇಲೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದರು.

"ಮೇಡಂ, ದಿವ್ಯಾ ಮೊಬೈಲಿಂದ ಕಳಿಸಿದ್ದು ಹಿರಿಯೂರಿಗೇ ವಾಪಸ್ ಬಂದೈತೆ."

"ಅದು ಹೇಗೆ?"

"ಅದೇ ಗೊತ್ತಾಗ್ತಿಲ್ಲ, ತಡೀರಿ." ಮತ್ತೆ ನೋಡಿದರು. ಆಮೇಲೆ ಹಣೆ ಉಜ್ಜಿಕೊಂಡು ನಿಧಾನವಾಗಿ ಹೇಳಿದ್ದನ್ನು ನಾನು ಇಷ್ಟು ವರ್ಷವಾದರೂ ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ, ಯಾಕೆಂದರೆ ಈ ವಿಷಯದಲ್ಲಿ ನನಗೆ ಅರ್ಥವಾದದ್ದು ಅದೊಂದೇ.

"ದುರ್ಗ ಅಣ್ಣನ ಮನೆ, ಹಿರಿಯೂರು ತಮ್ಮನ ಮನೆ ಅಂದ್ಕಳ್ರಿ. ಇಬ್ರಿಗೂ ಒಂದೇ ಮನೆತನದ ಹೆಸ್ರು. ಹೊರಗಿನ ಪೋಸ್ಟ್‌ಮ್ಯಾನ್‌ಗೆ ಆ ಹೆಸ್ರು ಬಿಟ್ರೆ ಬೇರೆ ಏನೂ ಗೊತ್ತಿಲ್ಲ. ಯಾವ ಮನೆ ಹತ್ರ ಐತೋ ಅಲ್ಲಿಗೆ ಕಾಗದ ಹಾಕಿ ಹೋಗ್ತಾನೆ. ಅಣ್ಣನ ಕಾಗದ ತಮ್ಮನ ಮನೆಗೆ ಬಂದ್ರೆ, ತಮ್ಮ ಹಿತ್ತಲ ಬಾಗ್ಲಿಂದ ಹೋಗಿ ಅಣ್ಣಂಗೆ ಕೊಟ್ಟು ಬರ್ತಾನೆ. ಇಷ್ಟು ದಿನ ಹಂಗೇ ನಡೀತಿತ್ತು. ಇವತ್ತು ಹಿತ್ತಲ ದಾರಿ ಕಡಿದೈತೆ. ಪೋಸ್ಟ್‌ಮ್ಯಾನ್‌ಗೆ ಅದು ಗೊತ್ತಿಲ್ಲ. ತಮ್ಮನ ಮನೆ ಬಾಗ್ಲು ತೆರ್ದೇ ಐತಲ್ಲ, ತಂದು ಹಾಕ್ತಾನೇ ಅವ್ನೆ. ತಮ್ಮನ ಕೈಯಾಗೆ ಅವು ಸಾಯ್ತಾ ಅವೆ."

"ದಾವಣಗೆರೆಯಿಂದ ಬಂತಲ್ಲ?"

"ಆ ಪೋಸ್ಟ್‌ಮ್ಯಾನ್ ಬೇರೆ. ಅವ್ನಿಗೆ ಅಣ್ಣನ ಮನೆ ಹತ್ರ."

ಹಾಗಾದರೆ ಏನು ಮಾಡುವುದು ಎಂದೆ. ಅವರು ನನ್ನನ್ನು ನೋಡಿ, "ತಮ್ಮನ ಮನೆ ಬಾಗ್ಲು ಹಾಕಿಸ್ಬೇಕು" ಎಂದರು.

ಅಂದರೆ, ಹಸಿರು ದೀಪ ಉರಿಯುತ್ತಾ ಸರಿಯಾಗಿ ಓಡುತ್ತಿರುವ ಹಿರಿಯೂರಿನ ಇಂಟರ್ನೆಟ್ ಲೈನನ್ನು ಕಿತ್ತುಹಾಕಬೇಕು. ಕಿತ್ತರೆ ಹೊರಗಿನವರಿಗೆ ಆ ಬಾಗಿಲಿಲ್ಲವೆಂದು ಸುದ್ದಿ ಮುಟ್ಟುತ್ತದೆ, ಆಮೇಲೆ ನಮ್ಮ ಹೆಸರಿಗೆ ಬಂದದ್ದೆಲ್ಲ ದುರ್ಗಕ್ಕೇ ಬರುತ್ತದೆ, ಆಗ ದಿವ್ಯಾಳ ಮೊಬೈಲಿನಿಂದ ಕಳಿಸಿದ ಚಿತ್ರವೂ ಇಲ್ಲಿಗೇ ಬರುತ್ತದೆ. ಈಗ ಬರೆಯುವಾಗ ಇದು ನೇರವಾಗಿ ಕಾಣುತ್ತದೆ. ಆಗ ನನಗೆ ಕೇಳಿಸಿದ್ದು, ಒಂದು ದಾರಿ ಮುರಿದು ನಾವು ಒದ್ದಾಡುತ್ತಿರುವಾಗ ಇವರು ಉಳಿದದ್ದನ್ನೂ ಮುರಿಯಲು ಹೊರಟಿದ್ದಾರೆ ಎಂದಷ್ಟೆ.

ರಾಜಶೇಖರ್ ಅವರು ಅಷ್ಟರಲ್ಲಿ ಕೆಳಗೆ ಬಂದಿದ್ದರು. ಅವರು ಸಿಟ್ಟಿನ ಮನುಷ್ಯರಲ್ಲ. ಅಂದು ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

"ಓಡ್ತಿರೋದನ್ನ ಯಾಕ್ರಿ ಕೀಳ್ತೀರಿ? ಅಲ್ಲಿ ಔಷಧಿ ಕೌಂಟರ್ ಐತೆ, ಲ್ಯಾಬ್ ಐತೆ, ಒಪಿಡಿ ಪೂರ್ತಿ ಅದ್ರ ಮೇಲೆ ನಡೀತೈತೆ. ಎಲ್ಲಾ ನಿಂತೋಗ್ತದೆ. ಕಿತ್ತ ಮೇಲೂ ಚಿತ್ರ ಬರ್ಲಿಲ್ಲ ಅಂದ್ರೆ?"

"ಬರ್ದೇನೂ ಇರಬಹುದು" ಎಂದರು ಚಿತ್ರಲಿಂಗಪ್ಪನವರು.

"ಖಾತ್ರಿ ಇಲ್ವಾ?"

"ಇಲ್ಲ ಸರ್. ಅರ್ಧ ತಿಳಿದೈತೆ, ಅರ್ಧ ತಿಳಿದಿಲ್ಲ. ಪೂರ್ತಿ ತಿಳಿಯೋ ತಂಕ ಆ ತಾಯಿ ಕಾಯಾಕೆ ಆಗಲ್ಲ. ನನ್ ಮೇಲೆ ಹಾಕ್ರಿ."

ರಾಜಶೇಖರ್ ಅವರು ನನ್ನ ಕಡೆ ತಿರುಗಿದರು. ನನಗೆ ಆ ಕ್ಷಣದಲ್ಲಿ ಅಣ್ಣ, ತಮ್ಮ, ಪೋಸ್ಟ್‌ಮ್ಯಾನ್ ಎಲ್ಲರೂ ಕಲಸಿಹೋಗಿದ್ದರು. ಇವರು ಹೇಳಿದಂತೆ ಮಾಡಿ ಎಂದೆ. ಅರ್ಥವಾಗಿ ಹೇಳಿದ್ದಲ್ಲ. ತಿಳಿಯದ್ದನ್ನು ತಿಳಿದಿದೆ ಎಂದು ಅವರು ಹೇಳಲಿಲ್ಲವಲ್ಲ, ಆ ಕಾರಣಕ್ಕೆ ನಂಬಿ ಹೇಳಿದ್ದು.

ಚಿತ್ರಲಿಂಗಪ್ಪನವರು ದಿವ್ಯಾಳಿಗೆ ಫೋನು ಮಾಡಿ, ಹಳದಿ ತಂತಿ ಯಾವುದು, ಅದು ಯಾವ ಪೆಟ್ಟಿಗೆಗೆ ಹೋಗಿದೆ ಎಂದು ಎರಡೆರಡು ಸಲ ಹೇಳಿಸಿಕೊಂಡರು. "ಕೀಳಮ್ಮ" ಎಂದರು.

"ಸರ್, ಹಸಿರು ಲೈಟ್ ಬರ್ತೈತಲ್ಲ" ಎಂದಳು ದಿವ್ಯಾ.

"ಗೊತ್ತಮ್ಮ. ಕೀಳು."

ಕಿತ್ತಳು. ಹಿರಿಯೂರಿನಲ್ಲಿ ಕೌಂಟರುಗಳೆಲ್ಲ ನಿಂತವು. ರಾಜಶೇಖರ್ ಅವರ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಹೊರಗಿನ ಲೋಕಕ್ಕೆ ಸುದ್ದಿ ಮುಟ್ಟಲು ಸ್ವಲ್ಪ ಹೊತ್ತು ಬೇಕು, ಈಗಲೇ ಕಳಿಸಬೇಡ ಎಂದು ದಿವ್ಯಾಳನ್ನು ತಡೆದು ಚಿತ್ರಲಿಂಗಪ್ಪನವರು ಲ್ಯಾಪ್‌ಟಾಪಿನ ಮುಂದೆ ನಿಂತೇ ಇದ್ದರು. ಆಮೇಲೆ, "ಈಗ ಕಳಿಸು" ಎಂದರು.

ಮೊದಲ ಪದರ ಬಂತು. ಎರಡನೆಯದು. ಆಮೇಲೆ ನಾನು ಬೇರೆ ಯಾರನ್ನೂ ನೋಡಲಿಲ್ಲ. ಎಡಭಾಗದಲ್ಲಿ, ಮೆದುಳಿಗೂ ತಲೆಬುರುಡೆಗೂ ನಡುವೆ, ತೆಳುವಾದ ಪಟ್ಟಿಯಂತೆ ರಕ್ತ ಹರಡಿತ್ತು. ಹಳೆಯ ರಕ್ತ, ಮೆದುಳಿನ ಬಣ್ಣವೇ ಅದಕ್ಕೂ ಬಂದಿದ್ದರಿಂದ ಸುಲಭಕ್ಕೆ ಕಾಣುವಂತಿರಲಿಲ್ಲ. ಬೆಳಕನ್ನು ಅತ್ತಿತ್ತ ಮಾಡಿದಾಗ ಎದ್ದು ಕಂಡಿತು, ಮೆದುಳನ್ನು ಒಂದು ಬದಿಗೆ ಒತ್ತುತ್ತಿದ್ದುದೂ ಕಂಡಿತು. ನಾನು ಡಾ. ಮುರುಗೇಶರಿಗೆ ಹೇಳಿದೆ: "ಇಂಜೆಕ್ಷನ್ ಕೊಡಬೇಡಿ. ಹೆಪ್ಪಲ್ಲ, ರಕ್ತ. ಆಪರೇಷನ್ ಆಗಬೇಕು." ಆಚೆಯಿಂದ ಅವರು, "ಮದ್ದು ಟ್ರೇದಾಗೆ ಇಟ್ಕಂಡಿದ್ದೆ ಮೇಡಂ" ಎಂದರು. ಕೆಲವು ವಾರಗಳ ಹಿಂದೆ ಬಚ್ಚಲಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತೆಂದು ಗಂಗಾಧರಪ್ಪನವರಿಗೆ ನೆನಪಾದದ್ದು ಆಗ.

ಮೆದುಳಿನ ಶಸ್ತ್ರಚಿಕಿತ್ಸೆ ನಮ್ಮಲ್ಲಿ ಇರದಿದ್ದರಿಂದ ದಾವಣಗೆರೆಗೆ ಕರೆದೊಯ್ಯಬೇಕಿತ್ತು. ಹೆದ್ದಾರಿ ಐಮಂಗಲದಲ್ಲಿ ಕಟ್ಟಿಹೋಗಿತ್ತು. ಚಿತ್ರಲಿಂಗಪ್ಪನವರೇ ಮುರುಗೇಶರಿಗೆ, "ಹೊಸದುರ್ಗ, ಹೊಳಲ್ಕೆರೆ ಮೇಲೆ ಹೋಗ್ರಿ. ಸುತ್ತು ಆಗ್ತದೆ, ಆದ್ರೆ ನಿಲ್ಲಂಗಿಲ್ಲ" ಎಂದು ಹೇಳಿ ಇನ್ನೊಂದು ವಾಹನವನ್ನು ಆ ದಾರಿಯಲ್ಲಿ ಕಳಿಸಿದರು. ಮರುಳಸಿದ್ದಮ್ಮನವರಿಗೆ ಅಂದೇ ಶಸ್ತ್ರಚಿಕಿತ್ಸೆಯಾಯಿತು. ಬಾಲರಾಜು ಸಿ.ಡಿ. ಹಿಡಿದುಕೊಂಡು ದುರ್ಗಕ್ಕೆ ಬಂದಾಗ ಅದನ್ನು ಕೇಳುವವರೇ ಇರಲಿಲ್ಲ.

ಮುಂದಿನ ವಾರ ಆಡಳಿತ ಮಂಡಳಿಯ ಸಭೆ ಸೇರಿತು. ರಸ್ತೆ ಅಗೆದವರ ಮೇಲೆ ದೂರು ಕೊಡಬೇಕೆಂದು ಒಬ್ಬರೆಂದರು. ಇಂಟರ್ನೆಟ್ ಕಂಪನಿಗಳನ್ನು ಬದಲಿಸಬೇಕೆಂದು ಇನ್ನೊಬ್ಬರೆಂದರು. ಚಿತ್ರಲಿಂಗಪ್ಪನವರ ಸಮಯಪ್ರಜ್ಞೆಗೆ ಹಾರ ಹಾಕಬೇಕೆಂಬ ಸಲಹೆಯೂ ಬಂತು. ಅವರು ಎದ್ದು ನಿಂತು ಹಾರ ಬೇಡವೆಂದರು. "ಜೆಸಿಬಿಯವ್ರು ಇವತ್ತಲ್ಲ ನಾಳೆ ಕೀಳೋರೇ. ಕಂಪನಿಯವ್ರ ಲೈನೂ ಚೆನ್ನಾಗೇ ಇದ್ವು. ತೂತು ಇದ್ದಿದ್ದು ನಾನು ಹಾಕಿದ್ದ ಏರ್ಪಾಡಿನಾಗೆ. ಹೊರಬಾಗ್ಲು ಮುಚ್ಚಿದ್ರೆ ಏನು ಅಂತ ಯೋಚ್ನೆ ಮಾಡಿದ್ದೆ. ಎರಡೂ ತೆರ್ದಿದ್ದು ಒಳದಾರಿ ಹೋದ್ರೆ ಏನು ಅಂತ ಯೋಚ್ನೆ ಮಾಡಿರ್ಲಿಲ್ಲ" ಎಂದರು. ಸಭೆಯಲ್ಲಿದ್ದ ಹೆಚ್ಚಿನವರಿಗೆ ಇದು ಅರ್ಥವಾಗಲಿಲ್ಲ. ತಪ್ಪು ಮಾಡಿದವರು ಯಾರು, ಸರಿ ಮಾಡಿದವರು ಯಾರು ಎಂಬುದೇ ಕಲಸಿಹೋಗಿ, ಎರಡೂ ಒಬ್ಬರೇ ಎಂದು ತಿಳಿದಾಗ ಏನು ನಿರ್ಣಯ ಬರೆಯಬೇಕೆಂದು ಯಾರಿಗೂ ಹೊಳೆಯದೆ ಸಭೆ ಚಹಾಕ್ಕೆ ಎದ್ದಿತು.

ಅಲ್ಲಿಂದ ಮುಂದೆ ಅವರು ಮಾಡಿದ ಕೆಲಸವೇ ಇಂದು ನಮ್ಮನ್ನು ಕಾಯುತ್ತಿರುವುದು. ಎರಡು ಮನೆಗಳಿಗೂ ಒಂದೇ ಹೆಸರಿದ್ದುದನ್ನು ಬಿಡಿಸಿ, ದುರ್ಗಕ್ಕೆ ದುರ್ಗದ ಗುರುತು, ಹಿರಿಯೂರಿಗೆ ಹಿರಿಯೂರಿನ ಗುರುತು ಹೊರಗಿನವರಿಗೆ ಬೇರೆಬೇರೆಯಾಗಿ ತಿಳಿಯುವಂತೆ ಮಾಡಿದರು. ಎರಡನೆಯ ಒಳದಾರಿಯೊಂದನ್ನು ಕೇಳಿದರು. ಕೇಬಲ್ ಹಾಕುವ ಕಂಪನಿಯವರು ನಕ್ಷೆಯಲ್ಲಿ ಬೇರೆ ಬಣ್ಣದ ಗೆರೆಯೊಂದನ್ನು ತೋರಿಸಿ ಇದು ಪೂರ್ತಿ ಬೇರೆ ದಾರಿಯೆಂದರು. ಚಿತ್ರಲಿಂಗಪ್ಪನವರು ನಕ್ಷೆ ನಂಬದೆ ಸ್ಕೂಟರ್ ಹತ್ತಿ ಹೋಗಿ ನೋಡಿದರೆ ಎರಡು ಬಣ್ಣದ ಗೆರೆಗಳೂ ಐಮಂಗಲದ ಬಳಿ ಒಂದೇ ಮೋರಿಯ ಕೆಳಗೆ ನುಸುಳಿದ್ದವು. ಅದನ್ನು ಬಿಟ್ಟು, ಮರುಳಸಿದ್ದಮ್ಮನವರನ್ನು ಕರೆದೊಯ್ದ ದಾರಿಯನ್ನೇ ಹಿಡಿದು, ಹಿರಿಯೂರಿನಿಂದ ಹೊಸದುರ್ಗ, ಹೊಸದುರ್ಗದಿಂದ ಹೊಳಲ್ಕೆರೆ, ಹೊಳಲ್ಕೆರೆಯಿಂದ ದುರ್ಗ ಎಂದು ಬಳಸಿ ಬರುವ ದಾರಿಯೊಂದನ್ನು ಒಪ್ಪಿಸಿದರು. ನಾನು ಹೊಸದುರ್ಗದ ಶಿಬಿರಕ್ಕೆ ಹೋಗುವಾಗ ಒಮ್ಮೆ ಅವರೂ ನಮ್ಮ ಜೀಪಿನಲ್ಲಿ ಬಂದಿದ್ದರು. ದಾರಿಯುದ್ದಕ್ಕೂ ಇಳಿದು ಇಳಿದು ಮೋರಿಗಳನ್ನು ನೋಡುತ್ತಿದ್ದ ಅವರನ್ನು ಕಂಡು ರಾಗಿ ಹೊಲದಲ್ಲಿದ್ದವರು ಏನು ಕಳೆದುಕೊಂಡಿದ್ದೀರಿ ಎಂದು ಕೇಳುತ್ತಿದ್ದರು. ಆಮೇಲೆ, ಮೂರು ತಿಂಗಳಿಗೊಮ್ಮೆ ಬೇಕೆಂದೇ ಒಂದು ತಂತಿಯನ್ನು ಕಿತ್ತು ಪರೀಕ್ಷೆ ಮಾಡುವ ಪದ್ಧತಿಯನ್ನೂ ಹಾಕಿದರು. ಯಾವ ದಿನ, ಯಾವುದನ್ನು ಕೀಳುತ್ತೇನೆಂದು ಮೊದಲೇ ಹೇಳುತ್ತಿದ್ದರು. ರಾಜಶೇಖರ್ ಅವರು ಅಂದು ರಜೆ ಹಾಕುತ್ತಿದ್ದರು.

ಕಳೆದ ತಿಂಗಳ ಬೀಳ್ಕೊಡುಗೆ ಸಮಾರಂಭಕ್ಕೆ ಮರುಳಸಿದ್ದಮ್ಮನವರು ಮಗನೊಂದಿಗೆ ಹೊಸದುರ್ಗದಿಂದ ಬಂದಿದ್ದರು. ನಮ್ಮ ಭಾಷಣಗಳು ಉದ್ದವಾಗಿದ್ದವು. ನಾನೂ ಮಾತಾಡಿದೆ, ಅಣ್ಣತಮ್ಮಂದಿರ ಮನೆಯ ವಿವರಣೆಯಲ್ಲಿ ಯಾರದು ದುರ್ಗ ಯಾರದು ಹಿರಿಯೂರು ಎಂದು ತಪ್ಪಿ, ಸಭಿಕರನ್ನು ಗೊಂದಲಕ್ಕೆ ನೂಕಿ ಕುಳಿತೆ. ಚಿತ್ರಲಿಂಗಪ್ಪನವರು ಮೆಲ್ಲನೆ ನಕ್ಕರು. ಕೊನೆಗೆ ಯಾರೋ ಮರುಳಸಿದ್ದಮ್ಮನವರನ್ನು ಎರಡು ಮಾತು ಹೇಳಿರೆಂದು ಕರೆದರು. ಅವರು ಬಲಗೈಯಲ್ಲಿ ಮೈಕ್ ಹಿಡಿದು ಸುತ್ತ ನೋಡಿದರು.

"ಇವ್ರು ನಂಗೇನು ಮಾಡಿದ್ರು ಅಂತ ಎಲ್ರೂ ಹೇಳಿದ್ರಿ. ನಂಗೆ ಒಂದೂ ತಿಳೀಲಿಲ್ಲ. ನನ್ ಮಗನ್ನ ಕೇಳಿದ್ರೆ ಅವ್ನಿಗೂ ತಿಳ್ದಿಲ್ಲ. ಮಾತು ಹೋಗಿತ್ತು, ಬಂತು. ಈಗ ಆಡ್ತಾ ಇದೀನಿ, ನೋಡ್ರಿ." ಚಿತ್ರಲಿಂಗಪ್ಪನವರ ಕಡೆ ತಿರುಗಿದರು. "ನೂರು ಕಾಲ ಬಾಳಪ್ಪ. ಮನೇಲಿ ಸುಮ್ನೆ ಕುಂತ್ಕಬ್ಯಾಡ. ಇವ್ರಿಗೆಲ್ಲ ನೀನು ಇನ್ನೂ ಬೇಕು."

ಅಭಿನಂದನ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯವನ್ನೂ ನಿರಂತರ ಸೇವೆಯನ್ನೂ ಹಾರೈಸುವುದು ವಾಡಿಕೆ. ಅದನ್ನು ಯಾವ ಮಾತಿನಲ್ಲಿ ಬರೆಯಬೇಕೆಂದು ಹಲವು ದಿನ ಯೋಚಿಸಿದೆ. ಆ ತಾಯಿ ಹೇಳಿದ್ದಕ್ಕಿಂತ ಚೆನ್ನಾದದ್ದು ನನಗೆ ಸಿಗಲಿಲ್ಲ. ಅವರ ಹಾರೈಕೆಗೆ ನನ್ನ ದನಿಯನ್ನೂ ಸೇರಿಸಿ, ಶ್ರೀ ಚಿತ್ರಲಿಂಗಪ್ಪನವರಿಗೆ ಕೈಮುಗಿಯುತ್ತೇನೆ.